ವಾಸನೆಯಿಲ್ಲದ ಶಿರಟಾಕಿ

"ಇಳೀರಿ. ಉಸಿರು ಬಿಟ್ಟು ಇನ್ನೊಂದ್ಸಲ ಹತ್ತಿ," ಎಂದರು ಸಿಸ್ಟರ್.

ಮೇಷ್ಟ್ರು ಇಳಿದರು, ಉಸಿರು ಬಿಟ್ಟರು, ಹತ್ತಿದರು. ಆಸ್ಪತ್ರೆಯವರು ಕೊಟ್ಟ ತೆಳು ನಿಲುವಂಗಿಯನ್ನು ಹಿಂದಿನಿಂದ ದಾರದಲ್ಲಿ ಕಟ್ಟಬೇಕಿತ್ತು. ಕೈ ಎಟುಕದೆ ಅರ್ಧ ಮಾತ್ರ ಕಟ್ಟಿಕೊಂಡಿದ್ದರಿಂದ ಬೆನ್ನಿಗೆ ತಣ್ಣನೆ ಗಾಳಿ ಬಡಿಯುತ್ತಿತ್ತು. ತೂಕದ ಯಂತ್ರದ ಕೆಂಪು ಅಂಕಿಗಳು ಅತ್ತಿತ್ತ ಓಲಾಡಿ ಮೊದಲಿನ ಜಾಗಕ್ಕೇ ಬಂದು ನಿಂತವು. ಹೋದ ಸಲಕ್ಕಿಂತ ಕಡಿಮೆ ತೋರಿಸಬೇಕಾದದ್ದು ಹೆಚ್ಚು ತೋರಿಸುತ್ತಿತ್ತು.

"ಮಿಷನ್ ಕೆಟ್ಟಿದೆಯೇನೋ ಸಿಸ್ಟರ್."

"ತೂಕ ಇಳಿದೋರು ಯಾರೂ ಇದುವರೆಗೂ ಈ ಮಾತು ಹೇಳಿಲ್ಲ ನೋಡಿ."

ಬೇರೆ ದಿನವಾಗಿದ್ದರೆ ಮೇಷ್ಟ್ರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಅವರು ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ, ತಮ್ಮ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಸದಾ ಪಾದ ಇಟ್ಟುಕೊಂಡು, ಜೀವ ಕೈಯಲ್ಲಿ ಹಿಡಿದು ಕೂತು ಕೂತೇ ಅವರ ಮೈ ಬೆಳೆದಿತ್ತು. ಮದುವೆಯ ಮಾತು ಬಂದಾಗಲೆಲ್ಲ ಅದೇ ಬ್ರೇಕು ಒತ್ತಿ ಒಂಟಿಯಾಗಿ ಉಳಿದಿದ್ದರು. ಇಂಥ ಪುಕ್ಕಲು ಮನುಷ್ಯ ಅಕ್ಕನಿಗೆ ತನ್ನ ಲಿವರಿನ ಒಂದು ಪಾಲು ಕೊಡುತ್ತೇನೆಂದು ಬಾಯಿಬಿಟ್ಟದ್ದು ಹೇಗೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಅಕ್ಕನ ಲಿವರ್ ಕೈಕೊಟ್ಟಿತ್ತು. ಅಕ್ಕನ ಮಗಳ ರಕ್ತದ ಗುಂಪು ಹೊಂದಲಿಲ್ಲ. "ಮತ್ಯಾರಿದ್ದಾರೆ?" ಎಂದು ಡಾಕ್ಟರು ಕೇಳಿದಾಗ ಆ ಕೋಣೆಯಲ್ಲಿ ಉಳಿದಿದ್ದವರು ಇವರೊಬ್ಬರೇ. "ನಾನಿದೀನಲ್ಲ" ಎಂದುಬಿಟ್ಟರು. ಹೆದರಿಕೆ ಶುರುವಾದದ್ದು ಹೇಳಿದ ಮೇಲೆ.

ಪರೀಕ್ಷೆಗಳಲ್ಲಿ ಎಲ್ಲವೂ ಹೊಂದಿತು, ಒಂದು ಮಾತ್ರ ಹೊಂದಲಿಲ್ಲ. ಮೇಷ್ಟ್ರ ಲಿವರಿನಲ್ಲಿ ಕೊಬ್ಬು ಕೂತಿತ್ತು. ಕೊಬ್ಬಿರುವ ಲಿವರನ್ನು ಕೊಯ್ದರೆ ಕೊಟ್ಟವರಿಗೂ ಅಪಾಯ, ಪಡೆದವರಿಗೂ ಅಪಾಯ. ತೂಕ ಇಳಿಸಿದರೆ ಅದೂ ಕರಗುತ್ತದೆ ಎಂದು ಡಾಕ್ಟರು ಒಂದು ಗಡುವು ಕೊಟ್ಟಿದ್ದರು. ಆ ಗಡುವು ಇವತ್ತಿಗೆ ಮುಗಿದಿತ್ತು.

"ಏನು ತಿಂತಿದೀರಿ?" ಎಂದು ಡಾಕ್ಟರು ಸ್ಕ್ಯಾನಿನ ಚಿತ್ರದಿಂದ ಕಣ್ಣು ತೆಗೆಯದೆ ಕೇಳಿದರು.

"ಮಧ್ಯಾಹ್ನ ರಾತ್ರಿ ಎರಡೂ ಹೊತ್ತು ಶಿರಟಾಕಿ ನೂಡಲ್ಸ್ ಸಾರ್. ನೀವು ಹೇಳಿದ್ದೇ. ಅದ್ರಲ್ಲಿ ತರಕಾರಿ. ಬೆಳಗ್ಗೆ ಒಂದು ಮೊಟ್ಟೆ. ಬೇಕರಿ ಕಡೆ ತಲೆ ಹಾಕಿಲ್ಲ."

"ಅದನ್ನೇ ತಿಂದಿದ್ರೆ ನೀವು ಇಷ್ಟೊತ್ತಿಗೆ ಬಟ್ಟೆ ಹ್ಯಾಂಗರ್ ಥರ ಆಗಿರ್ತಿದ್ರಿ. ಬರೀ ನೀರು ನಾರು ಅದು." ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನಿಮ್ಮ ಅಕ್ಕನ ಹತ್ರ ತುಂಬಾ ಟೈಮಿಲ್ಲ. ಲಿವರ್ ತೆಗೀದೆ ಬಿಟ್ಟ ವಿಷ ತಲೆಗೇರಿ ಮರೆವು ಶುರುವಾದ್ರೆ ಆಮೇಲೆ ಕಷ್ಟ. ನಿಮಗೆ ಗೊತ್ತಿರ್ಲಿ ಅಂತ ಹೇಳ್ತಿದೀನಿ."

ಡಾಕ್ಟರು ಎದ್ದು ಹೋದ ಮೇಲೆ ಸಿಸ್ಟರ್ ಬಾಗಿಲು ಮುಂದೆ ಮಾಡಿಕೊಂಡು ಬಂದು ಎದುರು ಕೂತರು. ಅಂಗ ದಾನ ಮಾಡುವವರನ್ನು ನೋಡಿಕೊಳ್ಳುವುದೇ ಅವರ ಕೆಲಸ. ದನಿ ತಗ್ಗಿಸಿದರು.

"ಮೇಷ್ಟ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಇಷ್ಟ ಇಲ್ವಾ? ಹೆದರಿಕೆನಾ? ಇದ್ರೆ ನಾಚ್ಕೊಳ್ಳೋದೇನಿಲ್ಲ. ಬಾಯಲ್ಲಿ ಆಗಲ್ಲ ಅನ್ನೋಕಾಗದೆ ಗುಟ್ಟಾಗಿ ತಿಂದುಕೊಂಡು ಬರೋರನ್ನ ನಾನು ಬೇಕಾದಷ್ಟು ನೋಡಿದೀನಿ."

"ಅಯ್ಯೋ, ನಾನು ತಿಂದಿಲ್ಲ ಸಿಸ್ಟರ್!"

"ಸರಿ, ತಿಂದಿಲ್ಲ. ಆದ್ರೂ ಹೇಳ್ತೀನಿ. ಬೇಡ ಅನ್ನಿಸಿದ್ರೆ ಸಂಜೆಯೊಳಗೆ ನಂಗೊಂದು ಫೋನ್ ಮಾಡಿ. ಇವರ ಲಿವರ್ ಆಗಲ್ಲ ಅಂತ ನಾವೇ ನಿಮ್ಮ ಮನೆಯವರಿಗೆ ಹೇಳ್ತೀವಿ. ನೀವು ಬೇಡ ಅಂದಿದ್ದು ಯಾರಿಗೂ, ಯಾವತ್ತಿಗೂ ಗೊತ್ತಾಗಲ್ಲ. ಬೇಕು ಅಂದ್ರೂ ಫೋನ್ ಮಾಡಿ. ಇನ್ನೊಂದು ಅವಕಾಶ ಕೊಡಿ ಅಂತ ನಾನು ಡಾಕ್ಟರ ಕಾಲಿಗೆ ಬೀಳ್ತೀನಿ. ಆದ್ರೆ ಅದೇ ಕೊನೇದು."

ಮೇಷ್ಟ್ರು ತಲೆಯಾಡಿಸಿದರು. ಅವರು ನಿಜವಾಗಿಯೂ ಕದ್ದು ತಿಂದಿರಲಿಲ್ಲ. ಆದರೆ ಅಂಕಿ ನಿಂತ ಜಾಗ ನೋಡಿದಾಗ ಎದೆಯೊಳಗೆ ಏನೋ ಒಂದು ಹಗುರವಾಗಿತ್ತಲ್ಲ, ಅದು ಸುಳ್ಳಲ್ಲ. ಪರೀಕ್ಷೆ ಮುಂದೆ ಹೋಯಿತೆಂದು ಕುಣಿಯುವ ಮಕ್ಕಳಿಗೆ ಆಗುವಂಥ ಖುಷಿ. ಅಕ್ಕ ಸಾಯುತ್ತಾಳೆಂದು ಡಾಕ್ಟರು ಮುಖದ ಮೇಲೆ ಹೇಳುತ್ತಿದ್ದಾಗಲೂ ಅದು ಪೂರ್ತಿ ಹೋಗಿರಲಿಲ್ಲ. ಆಪರೇಷನ್ನಿನ ಕತ್ತಿಗಿಂತ ಹೆಚ್ಚಾಗಿ ಈಗ ಅವರಿಗೆ ತಮ್ಮ ಬಗ್ಗೆಯೇ ಹೆದರಿಕೆಯಾಯಿತು. ನಿದ್ದೆಗಣ್ಣಿನಲ್ಲಿ ಎದ್ದು ಹೋಗಿ ಏನಾದರೂ ತಿನ್ನುತ್ತಿದ್ದೇನೆಯೇ ಎಂದು ಕೂಡ ಯೋಚಿಸಿದರು.

ಪರದೆಯ ಹಿಂದೆ ಬಟ್ಟೆ ಬದಲಿಸುವಾಗ ಪ್ಯಾಂಟಿನ ಒಳಮೈ ಕಣ್ಣಿಗೆ ಬಿತ್ತು. ಸೊಂಟದ ಹಿಂಭಾಗದ ನಡುವಿನ ಹೊಲಿಗೆಯ ದಾರ ಹೊಸದು. ಅದರ ಪಕ್ಕದಲ್ಲೇ ಹಳೆಯ ಹೊಲಿಗೆ ಬಿಚ್ಚಿದ ಸೂಜಿತೂತುಗಳ ಸಾಲು. ಎರಡರ ನಡುವಿನ ಬಟ್ಟೆ ಬಿಸಿಲು ಕಾಣದೆ ಹೊಸದರಂತೆ ಕಪ್ಪಗಿತ್ತು. ಮೇಷ್ಟ್ರು ಅಕ್ಕನ ಹೊಲಿಗೆ ಯಂತ್ರದ ಕಾಲಬುಡದಲ್ಲಿ ಆಡಿಕೊಂಡು ಬೆಳೆದವರು. ಒಳಗೆ ಮಡಚಿಟ್ಟ ಹೆಚ್ಚಿನ ಬಟ್ಟೆಯನ್ನು ಬಿಚ್ಚಿ ಸೊಂಟ ಸಡಿಲ ಮಾಡಿದ್ದಾರೆ ಎಂಬುದು ಯಾರೂ ಹೇಳಿಕೊಡದೆ ಅವರಿಗೆ ತಿಳಿಯಿತು.

ಮೊದಲು ಪಾಪ ಅನ್ನಿಸಿತು. ಬಿಗಿಯಾಗುತ್ತಿದೆಯೆಂದು ಅಕ್ಕ ಸಡಿಲ ಮಾಡಿದ್ದಾಳೆ, ಅಷ್ಟೇ. ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಇನ್ನೊಂದು ನೆನಪಾಯಿತು. ವಾರದ ಕೆಳಗೆ ಅವರು ಸೊಂಟದೊಳಗೆ ಬೆರಳು ತೂರಿಸಿ, "ನೋಡಕ್ಕ, ಹೆಂಗೆ ಜಾರ್ತಿದೆ!" ಎಂದು ಬೀಗಿದ್ದರು. ಅಕ್ಕ ಸೂಜಿಗೆ ದಾರ ಪೋಣಿಸುತ್ತ, "ಹೂಂ ಕಣೋ, ಕರಗಿ ನೀರಾಗ್ತಿದೀಯ" ಎಂದಿದ್ದಳು. ಮುಖ ಎತ್ತಿರಲಿಲ್ಲ.

ಸೊಂಟ ಜಾರಿದ್ದು ಮೈ ಕರಗಿ ಅಲ್ಲವೆಂದು ಆಗಲೇ ಅವಳಿಗೆ ಗೊತ್ತಿತ್ತು.

ಆಮೇಲಿನ ಪಾಠವನ್ನು ತಪ್ಪಿಸಿ, ಡ್ರೈವಿಂಗ್ ಶಾಲೆಯ ಕಾರನ್ನು ತಾವೇ ಓಡಿಸಿಕೊಂಡು ಮನೆಯತ್ತ ಹೊರಟರು. ದಾರಿಯುದ್ದಕ್ಕೂ ನೂಡಲ್ಸಿನದೇ ಯೋಚನೆ. ಅದನ್ನು ಮೊದಲು ತಂದವಳು ಅಕ್ಕನ ಮಗಳು ಪುಟ್ಟಿ. ಬೇರೆ ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಒಂದು ಇಡೀ ಪೆಟ್ಟಿಗೆ ಹೊತ್ತುಕೊಂಡು ಬಂದು, "ಮಾಮ, ಇದನ್ನ ಹೊಟ್ಟೆ ತುಂಬ ತಿಂದ್ರೂ ತಿಂದಂಗಲ್ಲ" ಎಂದಿದ್ದಳು. ನೀರು ತುಂಬಿದ ಪುಟ್ಟ ಪೊಟ್ಟಣಗಳೊಳಗೆ ಪಾರದರ್ಶಕ ಎಳೆಗಳು. ಯಾವುದೋ ಗೆಡ್ಡೆಯ ಹಿಟ್ಟಿನದಂತೆ. ಮೊದಲ ಪೊಟ್ಟಣ ಬಿಚ್ಚಿದಾಗ ಹೊಮ್ಮಿದ ಮೀನುವಾಸನೆಗೆ ಮೂವರೂ ಮೂಗು ಹಿಡಿದುಕೊಂಡು ಕಿಟಕಿಯತ್ತ ಓಡಿದ್ದರು.

ಮೊದಮೊದಲು ಅದನ್ನು ತಿನ್ನುವುದೇ ಒಂದು ಶಿಕ್ಷೆಯಾಗಿತ್ತು. ಎಷ್ಟು ತೊಳೆದರೂ ವಾಸನೆ ಪೂರ್ತಿ ಹೋಗದು. ಕುದಿಸಿ, ಎಣ್ಣೆಯಿಲ್ಲದ ಬಾಣಲೆಯಲ್ಲಿ ಹುರಿದರೆ ಕೀಚ್ ಕೀಚ್ ಎಂದು ಕಿರುಚುತ್ತಿತ್ತು. ಹಲ್ಲಿನಡಿ ಸಿಕ್ಕಿದ ಎಳೆ ತುಂಡಾಗದೆ ಪುಟಿದು ಪಕ್ಕಕ್ಕೆ ಸರಿಯುತ್ತಿತ್ತು. "ರಬ್ಬರ್ ಬ್ಯಾಂಡ್ ತಿಂದು ತಿಂದು ನಾನೊಂದಿನ ಗೋಡೆಗೆ ಬಿದ್ದು ವಾಪಸ್ ಪುಟೀತೀನಿ ನೋಡು" ಎಂದು ಮೇಷ್ಟ್ರು ಗೊಣಗುತ್ತಿದ್ದರು. ಆಮೇಲೆ ಒಂದು ದಿನ ಅದು ಮೆತ್ತಗಾಯಿತು. ವಾಸನೆ ಮಾಯವಾಯಿತು. ಅಕ್ಕನಿಗೆ ಮಾಡುವ ಹದ ಸಿಕ್ಕಿತೆಂದು ಅವರು ನಂಬಿದರು. ತಟ್ಟೆ ನೆಕ್ಕಿ, "ನಿನ್ನ ಕೈಗುಣ ಅಕ್ಕ, ಕಲ್ಲು ಬೇಯಿಸಿದ್ರೂ ರುಚಿಯಾಗುತ್ತೆ" ಎಂದು ಹೊಗಳಿದ್ದೂ ಉಂಟು. ಅದನ್ನು ನೆನೆಸಿಕೊಂಡು ಆಕ್ಸಿಲರೇಟರ್ ಒತ್ತಿದರು.

ಮನೆಯ ಮುಂದಿನ ಕೋಣೆಯೇ ಅಕ್ಕನ ಅಂಗಡಿ. ಕೊಂಡ ಬಟ್ಟೆಗಳನ್ನು ಅವರವರ ಮೈಗೆ ತಕ್ಕಂತೆ ಬಿಗಿಮಾಡುವುದು, ಸಡಿಲಮಾಡುವುದು, ಉದ್ದ ಮೊಟಕು ಮಾಡುವುದು ಅವಳ ಕೆಲಸ. ಸುತ್ತಲಿನ ಬೀದಿಗಳಲ್ಲಿ ಅವಳ ಕೈಯ ಹೊಲಿಗೆ ಬಿಚ್ಚಿಕೊಂಡಿತೆಂದು ಹೇಳಿದವರಿಲ್ಲ. ಒಳಗೆ ಅಡುಗೆಮನೆ ಮತ್ತು ಅವಳು ಮಲಗುವ ಕೋಣೆ. ಮೇಷ್ಟ್ರದು ಮಹಡಿಯ ಮೇಲಿನ ಒಂಟಿ ಕೋಣೆ. ಅಮ್ಮ ಹೋದಾಗ ಅವರಿಗಿನ್ನೂ ಹಾಲುಹಲ್ಲು. ಅಂದಿನಿಂದ ಅಕ್ಕನ ಕೈಯ ಊಟ ಬಿಟ್ಟು ಬೇರೆ ಊಟ ಅವರ ಮೈಗೆ ಹಿಡಿದದ್ದಿಲ್ಲ.

ಯಂತ್ರದ ಸೂಜಿಯ ಕೆಳಗೆ ಯಾರದೋ ಕೋಟು ಅರ್ಧಕ್ಕೆ ನಿಂತಿತ್ತು. ಅಕ್ಕ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದಳು. ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ನೀರು ತುಂಬಿ ಉಬ್ಬಿತ್ತು. ಒಲೆಯ ಪಕ್ಕದಲ್ಲಿ ಒಂದು ಪೊಟ್ಟಣ ಇತ್ತು. ಇವರ ಹೆಜ್ಜೆ ಕೇಳಿದ್ದೇ ಅವಳ ಕೈ ಅದನ್ನು ಒರೆಸುವ ಬಟ್ಟೆಯ ಕೆಳಗೆ ತಳ್ಳಿತು. ಅಷ್ಟರಲ್ಲಿ ಮೇಷ್ಟ್ರು ನೋಡಿಯಾಗಿತ್ತು. ಒಣಗಿದ ಅಕ್ಕಿ ನೂಡಲ್ಸು.

"ಬೇಗ ಬಂದ್ಬಿಟ್ಯಲ್ಲ. ಎಷ್ಟು ಬಂತು?"

"ಇಳಿದಿಲ್ಲ ಅಕ್ಕ. ಜಾಸ್ತಿಯಾಗಿದೆ."

ಅಕ್ಕನ ಭುಜಗಳು ಇಳಿದವು. ಎದುರಿನಿಂದ ಬಂದ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದ ಮೇಲೆ ಕಲಿಯುವವರ ಭುಜ ಹೀಗೆಯೇ ಇಳಿಯುವುದನ್ನು ಮೇಷ್ಟ್ರು ದಿನವೂ ನೋಡುತ್ತಿದ್ದರು.

"ಹೋಗ್ಲಿ ಬಿಡು," ಎಂದಳು ಅಕ್ಕ. ದನಿಯಲ್ಲಿ ದುಃಖ ತರಲು ನೋಡಿದಳು, ಬರಲಿಲ್ಲ. "ನಿನ್ನ ಕೈಲಾದ್ದು ನೀನು ಮಾಡಿದೆ. ಹಣೇಲಿ ಬರೆದಿದ್ದು ಆಗುತ್ತೆ. ಕೂತ್ಕೋ, ಬಿಸಿಯಾಗಿದೆ."

ತಟ್ಟೆ ಬಂತು. ಬಿಳಿ ಎಳೆಗಳ ಮೇಲೆ ಎಣ್ಣೆ ಹೊಳೆಯುತ್ತಿತ್ತು. ಮೇಷ್ಟ್ರು ಒಂದು ತುತ್ತು ಬಾಯಿಗಿಟ್ಟು ಕಚ್ಚಿದರು. ಎಳೆ ತಕರಾರಿಲ್ಲದೆ ತುಂಡಾಯಿತು. ಈಗಲೇ ತಟ್ಟೆ ಸರಿಸಿ ಇದೇನೆಂದು ಕೇಳಬಹುದಿತ್ತು. ಕೇಳಲಿಲ್ಲ. ಎರಡನೇ ತುತ್ತು ತಿಂದರು, ಮೂರನೆಯದನ್ನೂ ತಿಂದರು. ಹೀಗೇ ತಿಂದು ಎದ್ದುಬಿಟ್ಟರೆ ಯಾರೂ ಯಾರನ್ನೂ ದೂರುವಂತಿಲ್ಲ. ಇವರು ಕೊಡುವುದಿಲ್ಲ ಎನ್ನಲಿಲ್ಲ, ಅವಳು ಬೇಡ ಎನ್ನಲಿಲ್ಲ, ಡಾಕ್ಟರು ಆಗುವುದಿಲ್ಲ ಎಂದರು. ಸಂಜೆಯೊಳಗೆ ಒಂದು ಫೋನು, ಅಷ್ಟೇ. ಆಮೇಲೆ ಅಕ್ಕ ಸಾಯುತ್ತಾಳೆ. ಬಾಯಲ್ಲಿದ್ದ ತುತ್ತನ್ನು ನೀರು ಕುಡಿದು ನುಂಗಿದರು. ನಾಚಿಕೆಗೆಟ್ಟು ತಟ್ಟೆ ಖಾಲಿ ಮಾಡಿದರು.

ಕೈ ತೊಳೆಯುವಾಗ ಪುಟ್ಟಿಯ ಫೋನ್ ಬಂತು. ಅಕ್ಕ ಅಷ್ಟರಲ್ಲಿ ಅಂಗಡಿಗೆ ಹೋಗಿ ಯಂತ್ರದ ಮುಂದೆ ಕೂತಿದ್ದಳು.

"ಮಾಮ, ಎಷ್ಟು ಇಳಿದಿದೆ?"

"ಸ್ವಲ್ಪ ಬಾಕಿ ಇದೆ ಪುಟ್ಟಿ," ಎಂದರು ಮೇಷ್ಟ್ರು. ಅಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುತ್ತದೆಂದು ಅವರಿಗೇ ಗೊತ್ತಿರಲಿಲ್ಲ.

"ಬೇಗ ಇಳಿಸು ಮಾಮ. ನಿನ್ನೆ ಫೋನಲ್ಲಿ ಅಮ್ಮ ನನ್ನನ್ನ ಯಾರು ಮಾತಾಡೋದು ಅಂತ ಮೂರ್ಮೂರು ಸಲ ಕೇಳಿದ್ಳು. ಆಮೇಲೆ ಏನೂ ಆಗದೋಳ ಥರ ನಕ್ಕುಬಿಟ್ಳು. ನಂಗೆ ಎದೆ ಹೊಡ್ಕೊಳ್ತಿದೆ." ಅವಳು ಮೂಗು ಎಳೆದುಕೊಂಡಳು. "ನೂಡಲ್ಸ್ ಖಾಲಿಯಾಗಿರ್ಬೇಕಲ್ವಾ? ಇನ್ನೊಂದು ಪೆಟ್ಟಿಗೆ ಕಳಿಸ್ಲಾ?"

"ಇರು, ನೋಡಿ ಹೇಳ್ತೀನಿ."

ಮೇಷ್ಟ್ರು ಅಂಗಡಿಯ ಬಾಗಿಲಲ್ಲಿ ನಿಂತರು. "ಪುಟ್ಟಿ ಕೇಳ್ತಿದಾಳೆ. ಶಿರಟಾಕಿ ಇದೆಯಾ, ಖಾಲಿಯಾಯ್ತಾ?"

ಯಂತ್ರ ನಿಂತಿತು. "ಖಾಲಿ," ಎಂದಳು ಅಕ್ಕ. ಹೇಳುತ್ತ ಅವಳ ಕಾಲು ಬಟ್ಟೆ ಕತ್ತರಿಸುವ ಮೇಜಿನ ಕೆಳಗಿನ ಚೀಲವನ್ನು ಹಿಂದಕ್ಕೆ ತಳ್ಳಿತು. ಚೂರುಬಟ್ಟೆ ತುಂಬುವ ಚೀಲ ಅದು. ಚೂರುಬಟ್ಟೆಯ ಚೀಲ ಅಷ್ಟು ಭಾರವಾಗಿ ಸರಿಯುವುದಿಲ್ಲ.

ಮೇಷ್ಟ್ರು ಬಗ್ಗಿ ಅದನ್ನು ಎಳೆದರು. ಅಕ್ಕ ತಡೆಯಲಿಲ್ಲ. ಬಣ್ಣಬಣ್ಣದ ಚಿಂದಿಗಳಡಿ ಪೊಟ್ಟಣಗಳು ತಣ್ಣಗೆ, ಜಾರುತ್ತ ಕೈಗೆ ಸಿಕ್ಕವು. ಪುಟ್ಟಿ ತಂದ ಪೆಟ್ಟಿಗೆಯ ಮುಕ್ಕಾಲು ಪಾಲು ಅಲ್ಲೇ ಇತ್ತು.

"ಯಾವಾಗಿಂದ ಅಕ್ಕ?"

"ಮೊದಲ್ನೇ ಸಲ ತೂಕ ನೋಡಿದ್ರಲ್ಲ, ಇಳಿದಿದೆ ಅಂದ್ರಲ್ಲ. ಅವತ್ತಿಂದ." ಅವಳ ಹಳದಿ ಕಣ್ಣುಗಳು ಕೋಟಿನ ಮೇಲೇ ಇದ್ದವು. "ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ಕಣೋ. ಇದು ನಿಜವಾಗ್ಲೂ ಆಗೋ ಹಂಗಿದೆಯಲ್ಲ ಅಂತ."

"ಪ್ಯಾಂಟೂ ನೀನೇ ಸಡಿಲ ಮಾಡಿದ್ದು."

"ನಿಂಗೆ ಅನುಮಾನ ಬರಬಾರ್ದು ಅಂತ."

"ಯಾಕಕ್ಕ? ಯಾರಿಗೋಸ್ಕರ ಈ ನಾಟ್ಕ?"

ಅಕ್ಕನ ದನಿ ಚಿಕ್ಕ ಹುಡುಗಿಯದರಂತಿತ್ತು. "ಅಪ್ಪ ನಡ್ಕೊಂಡು ಒಳಗೆ ಹೋದ್ರು. ನಡ್ಕೊಂಡು! ಸಣ್ಣ ಆಪರೇಷನ್ನು, ಸಂಜೆ ಮನೆಗೆ ಹೋಗ್ಬಹುದು ಅಂದಿದ್ರು. ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಇವನನ್ನ ನೋಡ್ಕೋ ಅಂದ್ರು. ನೀನು ನನ್ನ ತೊಡೆ ಮೇಲೆ ಮಲ್ಕೊಂಡಿದ್ದೆ. ಯಾರೋ ಬಂದು ಹೇಳೋವರೆಗೂ ಆ ಚಪ್ಪಲಿ ಹಿಡ್ಕೊಂಡೇ ಕೂತಿದ್ದೆ. ನಿನ್ನ ಚಪ್ಪಲಿ ಹಿಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ಅದಕ್ಕಿಂತ ನಾನು ಹೋಗೋದೇ ವಾಸಿ."

"ಬಾಯಿಬಿಟ್ಟು ಹೇಳ್ಬೋದಿತ್ತಲ್ಲ."

"ಹೇಳಿದ್ರೆ ನೀನು ಕೇಳ್ತಿದ್ಯಾ? ಅಕ್ಕನಿಗೋಸ್ಕರ ಅಂತ ಹಟ ಹಿಡೀತಿದ್ದೆ."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಚಿಂದಿಗಳ ನಡುವೆ ಕುಕ್ಕರುಬಡಿದರು. "ನೀನು ಅಂದ್ಕೊಂಡಂಗೆ ನಾನಿಲ್ಲ ಅಕ್ಕ. ತೂಕ ಇಳಿದಿಲ್ಲ ಅಂದಾಗ ನಂಗೆ ಖುಷಿಯಾಯ್ತು. ಈಗ ಊಟ ಮಾಡುವಾಗ್ಲೂ ಗೊತ್ತಿತ್ತು. ಅಕ್ಕಿ ನೂಡಲ್ಸು ಅಂತ ಗೊತ್ತಿದ್ದೂ ತಿಂದೆ."

ಅಕ್ಕ ಅವರನ್ನು ನೋಡಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡರು. ಅವಳು ಎರಡೂ ಮಾಡದೆ ಅವರ ತಲೆಯ ಮೇಲೆ ಅಂಟಿದ್ದ ದಾರದ ತುಂಡನ್ನು ತೆಗೆದು ಹಾಕಿದಳು.

"ಹಂಗಾದ್ರೆ ಸರಿಹೋಯ್ತಲ್ಲ. ನಿಂಗೂ ಬೇಡ, ನಂಗೂ ಬೇಡ. ಇನ್ನು ಈ ಮಾತು ಬಿಡೋಣ."

ಯಂತ್ರ ಮತ್ತೆ ಓಡಿತು. ಮೇಷ್ಟ್ರಿಗೆ ಒಂದು ಗಳಿಗೆ ಲೋಕವೇ ಹಗುರವಾದಂತಾಯಿತು. ಹೆದರುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅಕ್ಕ ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಕೋಟನ್ನು ಕೊಡವಿ ಎತ್ತಿ ಹಿಡಿದಳು.

"ನೋಡು, ಹೆಂಗೆ ಕೂತಿದೆ!"

ಬಲತೋಳು ಹಿಂದುಮುಂದಾಗಿತ್ತು. ಯಾರೋ ತೋಳನ್ನು ಹಿಡಿದು ತಿರುಚಿದಂತೆ ಮೊಣಕೈಯ ಬಾಗು ಬೆನ್ನಿನ ಕಡೆ ತಿರುಗಿತ್ತು. ಅಕ್ಕ ಅದನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಹೊಲಿಗೆಯ ಮೇಲೆ ಉಗುರು ಆಡಿಸಿದಳು. ಎಲ್ಲ ಸರಿಯಾಗಿದೆಯೆಂಬಂತೆ ತಲೆದೂಗಿ ಹ್ಯಾಂಗರಿಗೆ ನೇತುಹಾಕಿದಳು.

ಆಪರೇಷನ್ನು ಎಂದಾಗಲೆಲ್ಲ ಮೇಷ್ಟ್ರಿಗೆ ಆಗುತ್ತಿದ್ದ ಹೆದರಿಕೆ ಇದರ ಮುಂದೆ ಮಕ್ಕಳಾಟವಾಗಿತ್ತು. ಡಾಕ್ಟರು ಟೈಮಿಲ್ಲ ಎಂದಾಗ ಅದು ಬರೀ ಮಾತು. ಈಗ ಅದು ಹ್ಯಾಂಗರಿನಲ್ಲಿ ತೂಗುತ್ತಿತ್ತು. ಅಕ್ಕ ಇಲ್ಲೇ ಕೂತಿದ್ದಳು, ನಗುತ್ತಿದ್ದಳು, ಆಗಲೇ ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗುತ್ತಿದ್ದಳು.

ಅವರು ಎದ್ದರು. ಚೀಲದಿಂದ ಒಂದು ಪೊಟ್ಟಣ ತೆಗೆದುಕೊಂಡರು.

"ಕತ್ತರಿ ಕೊಡು."

"ಬಟ್ಟೆ ಕತ್ತರಿ ಅದು. ಪ್ಲಾಸ್ಟಿಕ್ ಕತ್ತರಿಸಿದ್ರೆ ಮೊಂಡಾಗುತ್ತೆ," ಎಂದಳು ಅಕ್ಕ ಅಭ್ಯಾಸಬಲದಿಂದ. ಆಮೇಲೆ ಅವರ ಕೈಯಲ್ಲಿದ್ದದ್ದು ನೋಡಿ, "ಅದ್ಯಾಕೆ ಈಗ? ಈಗಷ್ಟೇ ಊಟ ಆಗಿದೆ" ಎಂದಳು.

ಮೇಷ್ಟ್ರು ಅಡುಗೆಮನೆಗೆ ಹೋಗಿ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದರು. ಮೀನುವಾಸನೆಯ ನೀರು ಗಲ್ಲದಿಂದ ಅಂಗಿಯವರೆಗೂ ಇಳಿಯಿತು. ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟರು. ಒಲೆ ಹೊತ್ತಿಕೊಂಡ ಮೇಲೆ ಫೋನ್ ತೆಗೆದರು.

"ಸಿಸ್ಟರ್, ನಾನು. ಮೇಷ್ಟ್ರು. ಹೂಂ, ಸಂಜೆಯೊಳಗೆ ಅಂದಿದ್ರಲ್ಲ." ಮೇಷ್ಟ್ರು ಗಲ್ಲ ಒರೆಸಿಕೊಂಡರು. "ನಂಗೆ ಹೆದರಿಕೆ ಇದೆ ಸಿಸ್ಟರ್. ತುಂಬಾ ಇದೆ. ಅದನ್ನೇ ಹೇಳೋಣ ಅಂತ ಫೋನ್ ಮಾಡಿದ್ದು. ಇಲ್ಲ ಇಲ್ಲ, ಬೇಡ ಅಂತಲ್ಲ. ಡಾಕ್ಟರಿಗೆ ಹೇಳಿ, ಇನ್ನೊಂದು ಸಲ ನೋಡ್ಲಿ. ಈ ಸಲ ಇಳಿಯುತ್ತೆ. ಯಾಕೆ ಅಂದ್ರೆ, ಅಡುಗೆ ನಾನೇ ಮಾಡ್ಕೊಳ್ತಿದೀನಿ."

ಫೋನ್ ಇಟ್ಟು ತಿರುಗಿದರೆ ಅಕ್ಕ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಬೇಡ ಕಣೋ. ನಿನ್ನ ದಮ್ಮಯ್ಯ, ಬೇಡ."

"ಪುಟ್ಟಿ ಯಾರು ಅಂತ ನಿನ್ನೆ ಕೇಳಿದ್ಯಂತೆ."

"ನಾನಾ? ಇಲ್ಲಪ್ಪ." ಅವಳು ಹುಬ್ಬು ಗಂಟಿಕ್ಕಿ ನೆನೆಸಿಕೊಳ್ಳಲು ನೋಡಿದಳು. ನೆನಪಿಗೆ ಏನೂ ಸಿಗಲಿಲ್ಲ. ಆಗ ಅವಳ ಕಣ್ಣಿನಲ್ಲಿ ಬೇರೊಂದು ಹೆದರಿಕೆ ಬಂತು, ಅಪ್ಪನದಲ್ಲದ, ತಮ್ಮನದೂ ಅಲ್ಲದ, ಅವಳ ಸ್ವಂತದ್ದು. ಇಷ್ಟು ದಿನದಲ್ಲಿ ಅವಳು ತನಗಾಗಿ ಹೆದರಿದ್ದನ್ನು ಮೇಷ್ಟ್ರು ನೋಡಿದ್ದು ಅದೇ ಮೊದಲು. ತಾವಾಡಿದ ಮಾತೇ ಅದನ್ನು ತಂದಿತಲ್ಲ ಎಂದು ಅವರಿಗೆ ಸಂಕಟವಾಯಿತು.

ನೀರು ಕುದಿಯಿತು. ಮೇಷ್ಟ್ರು ಎಳೆಗಳನ್ನು ಹಾಕಿ, ತೆಗೆದು, ಸೋಸುವ ಗೊಡವೆಗೆ ಹೋಗದೆ ಹಾಗೇ ಬಾಣಲೆಗೆ ಸುರಿದರು. ನೀರು ಸಿಡಿದು ಮುಂಗೈ ಸುಟ್ಟಿತು. ಎಳೆಗಳು ಬಾಣಲೆಯ ತುಂಬ ಜಾರಾಡಿ, ಒಂದೆರಡು ಹೊರಗೆ ಬಿದ್ದು ಒಲೆಗೆ ಅಂಟಿಕೊಂಡವು. ವಾಸನೆ ಮನೆಯನ್ನೆಲ್ಲ ತುಂಬಿತು. ಸೌಟು ತಿರುಗಿಸುತ್ತಲೇ ಅವರು ಅಳುತ್ತಿದ್ದರು. ಕಣ್ಣೀರು ಒರೆಸಲು ಹೋಗಿ ಮೀನುವಾಸನೆಯ ಕೈಯನ್ನು ಮುಖಕ್ಕೆಲ್ಲ ಬಳಿದುಕೊಂಡರು.

ಅಕ್ಕ ಬಹಳ ಹೊತ್ತು ಚೌಕಟ್ಟು ಬಿಟ್ಟು ಕದಲಲಿಲ್ಲ. ಕೊನೆಗೆ ಒಂದೊಂದೇ ಹೆಜ್ಜೆ ಇಡುತ್ತ ಒಲೆಯ ಹತ್ತಿರ ಬಂದು ಕೈ ಚಾಚಿದಳು.

"ಕೊಡು ಇಲ್ಲಿ. ಹೀಗಾ ಮಾಡೋದು? ಮೊದ್ಲು ನೀರು ಬಸೀಬೇಕು. ಇನ್ನೂ ತೊಳೀಬೇಕು. ನೀರೆಲ್ಲ ಆರಿ ಕಿರುಚೋವರೆಗೂ ಹುರೀಬೇಕು."

ಅವಳು ಎಳೆಗಳನ್ನು ಜಾಲರಿಗೆ ಸುರಿದು, ನಲ್ಲಿಯ ಕೆಳಗೆ ಹಿಡಿದು ಬೆರಳಿಂದ ಕಲಸಿ ಕಲಸಿ ತೊಳೆದಳು. ಬಾಣಲೆಯನ್ನು ಒರೆಸಿ ಮತ್ತೆ ಒಲೆಯ ಮೇಲಿಟ್ಟಳು. ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಆವಿ ನಿಂತು, ಎಳೆಗಳು ಒಣಗಿದ ಬಾಣಲೆಯಲ್ಲಿ ಕಿರುಚತೊಡಗಿದವು. ಅಕ್ಕ ತಟ್ಟೆಗೆ ಹಾಕಿಕೊಟ್ಟಳು. ಅವರು ನಿಂತೇ ತಿಂದರು. ಎಳೆ ಹಲ್ಲಿನಡಿ ಪುಟಿಯಿತು, ಜಾರಿತು, ಬಹಳ ಹೊತ್ತು ಅಗಿಯಬೇಕಾಯಿತು. ಅಕ್ಕ ತಟ್ಟೆಯಿಂದ ಒಂದೆಳೆ ಎತ್ತಿ ಬಾಯಿಗಿಟ್ಟುಕೊಂಡು ಅಗಿದಳು, ಮುಖ ಕಿವುಚಿದಳು.

"ಥೂ! ಇದನ್ನ ಹೆಂಗೆ ತಿಂದೆ ಇಷ್ಟು ದಿನ?"

"ನೀನೆಲ್ಲಿ ತಿನ್ನಿಸಿದೆ?"

ಅಕ್ಕನಿಗೆ ನಗು ಬಂತು. ಮೇಷ್ಟ್ರಿಗೂ ಬಂತು, ತುತ್ತು ನೆತ್ತಿಗೇರಿ ಕೆಮ್ಮಿದರು. ಅವಳು ಅವರ ಬೆನ್ನಿಗೆ ತಟ್ಟಿದಳು. ಕೆಮ್ಮು ನಿಂತ ಮೇಲೂ ಕೈ ತೆಗೆಯಲಿಲ್ಲ.

"ಎಲ್ಲಿಂದ ಕೊಯ್ತಾರೆ?" ಎಂದು ಕೇಳಿದಳು. ಇಷ್ಟು ದಿನ ಅವಳು ಕೇಳದೇ ಇದ್ದ ಮಾತು ಅದು.

ಮೇಷ್ಟ್ರು ತಟ್ಟೆ ಕೆಳಗಿಟ್ಟು, ಒದ್ದೆಯಾದ ಅಂಗಿಯ ಮೇಲೆ ಎದೆಗೂಡಿನ ಕೆಳತುದಿಯಲ್ಲಿ ಬೆರಳಿಟ್ಟು, ಕೆಳಗೆ ತಂದು, ಬಲಕ್ಕೆ ತಿರುಗಿಸಿ ಪಕ್ಕೆಯವರೆಗೂ ಎಳೆದು ತೋರಿಸಿದರು. ಅಕ್ಕ ಬಗ್ಗಿ ನೋಡಿದಳು. ತನ್ನ ಹೆಬ್ಬೆರಳನ್ನು ಅವರು ತೋರಿಸಿದ ಕಡೆ ಇಟ್ಟು, ಅದೇ ದಾರಿಯಲ್ಲಿ ನಿಧಾನವಾಗಿ, ಒತ್ತಿ ಎಳೆದಳು.

"ಉದ್ದ ಇದೆ," ಎಂದಳು. "ಹೊಲಿಯೋರು ಒಳ್ಳೆ ಕೈಯೋರು ತಾನೇ?"

"ಒಳ್ಳೆಯವರಂತೆ."

ಅಕ್ಕ ತಲೆಯಾಡಿಸಿದಳು. ಹೆಬ್ಬೆರಳು ಪಕ್ಕೆಯ ಹತ್ತಿರ ನಿಂತಲ್ಲೇ ಇತ್ತು. ಇನ್ನೊಂದು ಕೈಯಿಂದ ಬಾಣಲೆಯಲ್ಲಿ ಉಳಿದದ್ದನ್ನು ಅವರ ತಟ್ಟೆಗೆ ಬಳಿದು ಹಾಕಿದಳು.